ಕಾಮೇಶ್ವರ ಮಾವನ ಮುಖಕ್ಕೆ ಹೊಂದುವ ಇಂಕು

ವಿಜಯವಾಡದ ಒನ್ ಟೌನ್ ಎಂಬ ಹಳೆಯ ಪೇಟೆಯಲ್ಲಿ ಗುರುದತ್ತನ ಫೋಟೊ ಪ್ರಿಂಟಿಂಗ್ ಅಂಗಡಿ ಇದೆ. ಕೆಳಗೆ ಒಣಮೆಣಸಿನಕಾಯಿಯ ಸಗಟು ವ್ಯಾಪಾರ, ಮೇಲೆ ಇವನು. ಮೆಟ್ಟಿಲು ಹತ್ತುವಾಗಲೇ ಸೀನು ಬರುತ್ತದೆ. ವಯಸ್ಸಾದವರು ಯಾರಾದರೂ ಬಂದು ‘ನೀವು ಮಾಡಿಕೊಟ್ಟ ಫೋಟೊ ಮಸುಕಾಗಿದೆ’ ಎಂದರೆ ಅವನು ಮೊದಲು ಫೋಟೊ ಕೇಳುವುದಿಲ್ಲ. ‘ಕಣ್ಣು ಯಾವಾಗ ತೋರಿಸಿದ್ರಿ?’ ಎನ್ನುತ್ತಾನೆ. ಒಂದು ಕಣ್ಣು ಮುಚ್ಚಿಕೊಂಡು ಎದುರಿನ ಕ್ಯಾಲೆಂಡರ್ ಓದಿ ಎನ್ನುತ್ತಾನೆ, ಆಮೇಲೆ ಇನ್ನೊಂದು ಕಣ್ಣು. ಕೆಲವರು ನಕ್ಕು ಓದುತ್ತಾರೆ. ಕೆಲವರು, ‘ನಿನ್ನ ಇಂಕು ಕೆಟ್ಟರೆ ನನ್ನ ಕಣ್ಣಿನ ಮೇಲೆ ಹೇಳ್ತೀಯಾ?’ ಎಂದು ಜಗಳಕ್ಕೇ ನಿಲ್ಲುತ್ತಾರೆ.

ನನ್ನ ತಾಯಿಯ ಹಳೆಯ ಫೋಟೊ ಹೊಸದಾಗಿ ಮಾಡಿಸಲು ಹೋದಾಗ ನನ್ನನ್ನೂ ಓದಿಸಿದ. ನಾನು ಓದಿದೆ, ಯಾಕೆಂದು ಕೇಳಲಿಲ್ಲ. ಮುಂದಿನ ಸಲ ಹೋದಾಗ ಕರೆಂಟು ಇರಲಿಲ್ಲ, ಪ್ರಿಂಟರ್ ಸುಮ್ಮನಿತ್ತು. ಆಗ ಅವನೇ ತನ್ನ ಅತ್ತೆಯ ವಿಷಯ ಹೇಳಿದ. ಆಮೇಲೆ ಸಿಂಹಾಚಲಕ್ಕೆ ಹೋದಾಗೊಮ್ಮೆ ವಿಶಾಖಪಟ್ಟಣದಲ್ಲಿ ಅವರ ಮನೆಗೂ ಹೋಗಿ ಬಂದೆ. ಎರಡೂ ಕಡೆ ಕೇಳಿದ್ದನ್ನು ಸೇರಿಸಿ ಬರೆಯುತ್ತಿದ್ದೇನೆ.

ಗುರುದತ್ತನ ಮನೆಯವರು ಮುಳಬಾಗಿಲಿನ ಕಡೆಯವರು. ಅಲ್ಲಿ ಮನೆಯೊಳಗೆ ಕನ್ನಡ, ಬೀದಿಗೆ ಬಂದರೆ ತೆಲುಗು. ತೆಲುಗು ಮನೆಗೆ ಹೆಣ್ಣು ಕೊಡುವುದು, ತರುವುದು ಅವರಿಗೆ ಹೊಸದಲ್ಲ. ಹಾಗೆ ಅವನ ಸೋದರತ್ತೆ ಇಂದಿರಮ್ಮ ವಿಶಾಖಪಟ್ಟಣದ ಕಾಮೇಶ್ವರ ಎಂಬವರನ್ನು ಮದುವೆಯಾಗಿ ಹೋದರು. ಕಾಮೇಶ್ವರ ಬಂದರಿನಲ್ಲಿ ಗುಮಾಸ್ತರು. ಗುರುದತ್ತ ಕಾಲೇಜು ಓದಿದ್ದು ಅವರ ಮನೆಯಲ್ಲಿದ್ದುಕೊಂಡೇ. ತಮ್ಮ ಮಗ ಅರವಿಂದನಿಗೂ ಇವನಿಗೂ ಒಂದೇ ತಟ್ಟೆಯಲ್ಲಿ ಕಲಸಿ ತುತ್ತು ಹಾಕುತ್ತಿದ್ದ ಅತ್ತೆ ಅವರು. ಇವನನ್ನು ದತ್ತು ಎಂದು ಕರೆಯುತ್ತಿದ್ದರು, ಈಗಲೂ ಹಾಗೇ ಕರೆಯುತ್ತಾರೆ.

ಕಾಮೇಶ್ವರರಿಗೆ ಫೋಟೊ ತೆಗೆಸಿಕೊಳ್ಳುವುದೆಂದರೆ ಆಗುತ್ತಿರಲಿಲ್ಲ. ಮದುವೆಯ ಫೋಟೊಗಳಲ್ಲೂ ತಲೆ ತಗ್ಗಿಸಿ ಕೂತಿದ್ದಾರೆ. ಮುಖ ಸರಿಯಾಗಿ ಕಾಣುವುದು ಒಂದೇ ಒಂದರಲ್ಲಿ. ಕೆಲಸ ಕಾಯಂ ಆದಾಗ ಹೆಂಡತಿಯ ಒತ್ತಾಯಕ್ಕೆ ಸ್ಟುಡಿಯೊಕ್ಕೆ ಹೋಗಿ, ಅಲ್ಲಿಯದೇ ಕಪ್ಪು ಕೋಟು ತೊಟ್ಟು ತೆಗೆಸಿಕೊಂಡ ಕಪ್ಪುಬಿಳುಪು ಫೋಟೊ ಅದು. ಕನ್ನಡಿಯಂತೆ ಹೊಳೆಯುವ ಕಾಗದ. ಅವರು ತೀರಿಕೊಂಡ ಮೇಲೆ ಅದು ನಡುಮನೆಯ ಗೋಡೆಗೆ ಬಂತು. ಇಂದಿರಮ್ಮ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ಆಮೇಲೆ ಆ ಫೋಟೊದ ಮುಂದೆ ನಿಂತು ಮುಖ ನೋಡಿಯೇ ಕಾಫಿ ಕುಡಿಯುವುದು. ‘ನಿಮ್ಮ ಮಾವ ಇವತ್ತು ಸ್ವಲ್ಪ ಸಿಟ್ಟಾಗಿದಾರೆ’ ಎಂದೋ, ‘ಇವತ್ತು ಪರವಾಗಿಲ್ಲ’ ಎಂದೋ ಸೊಸೆ ಸಾಯಿಲಕ್ಷ್ಮಿಗೆ ಹೇಳುವರು. ಸೊಸೆ ತೆಲುಗಿನವಳು. ಈ ಮನೆಗೆ ಬಂದು ಕನ್ನಡ ಕಲಿತವಳು. ‘ನಿನ್ನೆ ಸಾಂಬಾರಿಗೆ ಉಪ್ಪು ಜಾಸ್ತಿ ಆಗಿತ್ತಲ್ಲ ಅತ್ತಯ್ಯಾ, ಅದಕ್ಕೇ ಮಾವಯ್ಯಗಾರಿಗೆ ಸಿಟ್ಟು’ ಎನ್ನುವಳು.

೨೦೧೪ರಲ್ಲಿ ಹುದ್‌ಹುದ್ ಚಂಡಮಾರುತ ಬಂದಾಗ ಆ ಮನೆಯ ಕಿಟಕಿ ಒಡೆದು ಮಳೆ ಒಳಗೆ ನುಗ್ಗಿತು. ಫೋಟೊ ನೆನೆದು ಗಾಜಿಗೆ ಅಂಟಿಕೊಂಡಿತು. ರೈಲು ಶುರುವಾದ ಕೂಡಲೇ ಗುರುದತ್ತ ಹೋದ. ಅತ್ತೆ ಚಾಕು ಹಿಡಿದು ಕಾಗದವನ್ನು ಗಾಜಿನಿಂದ ಬಿಡಿಸಲು ಕೂತಿದ್ದರು.

‘ಅತ್ತೇ, ಕೈ ತೆಗೀರಿ! ಕಿತ್ರೆ ಮುಖ ಗಾಜಿಗೇ ಉಳ್ಕೊಳ್ಳತ್ತೆ.’

‘ಹಾಗಾದ್ರೆ ಏನೋ ಮಾಡ್ಲಿ? ನೀನು ಬರೋವರ್ಗೂ ನೆಂದ್ಕೊಂಡೇ ಇರ್ಬೇಕಿತ್ತಾ ಅವ್ರು?’

ಅವನು ಅದನ್ನು ಗಾಜಿನ ಸಮೇತ ಬಟ್ಟೆಯಲ್ಲಿ ಸುತ್ತಿ ತಂದು ಸ್ಕ್ಯಾನ್ ಮಾಡಿದ. ಕಂಪ್ಯೂಟರಿನಲ್ಲಿ ಕಲೆಗಳನ್ನು ಒಂದೊಂದಾಗಿ ಅಳಿಸಿದ. ಮುಖ ಪೂರ್ತಿ ಸಿಕ್ಕಿತು. ಉಳಿದದ್ದು ಪ್ರಿಂಟು. ಅವನ ಸಮಸ್ಯೆ ಶುರುವಾದದ್ದೇ ಅಲ್ಲಿಂದ.

ಬಣ್ಣದ ಫೋಟೊ ಹಾಕುವ ಪ್ರಿಂಟರಿನಲ್ಲಿ ಕಪ್ಪುಬಿಳುಪು ಸುಲಭವಲ್ಲವಂತೆ. ಬೂದುಬಣ್ಣ ಬೇಕಾದಲ್ಲಿ ಅದು ಕೆಂಪು, ನೀಲಿ, ಹಳದಿ ಬೆರೆಸಿ ಬೂದು ಎಂದು ನಂಬಿಸುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಹಸಿರು ಇಣುಕುತ್ತದೆ, ಬಿಸಿಲಿಗೆ ಹಿಡಿದರೆ ಕೆಂಪು. ಅದಕ್ಕೆ ಗುರುದತ್ತ ಒಂದು ಪ್ರಿಂಟರಿನ ಬಣ್ಣಗಳನ್ನೆಲ್ಲ ತೆಗೆದು, ಕಪ್ಪು ಇಂಕನ್ನೇ ಬೇರೆ ಬೇರೆ ಹದಕ್ಕೆ ತೆಳು ಮಾಡಿ ಟ್ಯಾಂಕುಗಳಿಗೆ ತುಂಬಿದ. ಗಾಢ ಕಪ್ಪು, ನಡುವಿನ ಬೂದು, ತಿಳಿ ಬೂದು. ಆ ಕಪ್ಪಲ್ಲೂ ಎರಡು ಜಾತಿ. ಡೈ ಇಂಕು ನೀರಿನಲ್ಲಿ ಕರಗಿದ ಬಣ್ಣ. ಹೊಳೆಯುವ ಕಾಗದದ ಒಳಕ್ಕೆ ಇಳಿದು ಕಣ್ಣಿಗೆ ಹಬ್ಬವಾಗುತ್ತದೆ, ಆದರೆ ಬೆಳಕಿಗೂ ಗಾಳಿಗೂ ಸೋಲುತ್ತದೆ. ಪಿಗ್ಮೆಂಟ್ ಇಂಕು ಸಣ್ಣ ಪುಡಿ. ಬಹಳ ಕಾಲ ಬಾಳುತ್ತದೆ, ಆದರೆ ಹೊಳೆಯುವ ಕಾಗದದ ಮೇಲೇ ಕೂತು, ಓರೆಯಾಗಿ ನೋಡಿದರೆ ಕಪ್ಪಿನಲ್ಲಿ ಕಂಚಿನ ಮಿನುಗು ತೋರಿಸುತ್ತದೆ.

ಎಲ್ಲ ಬಗೆಯದನ್ನೂ ಒಂದೊಂದು ಹಾಕಿಕೊಂಡು, ಸಂಕ್ರಾಂತಿ ಕಳೆದ ಮೇಲೆ ವಿಶಾಖಪಟ್ಟಣಕ್ಕೆ ಹೋಗಿ ಅತ್ತೆಯ ಮಂಚದ ಮೇಲೆ ಸಾಲಾಗಿ ಇಟ್ಟ. ಇಂದಿರಮ್ಮ ಬಣ್ಣ ಬೆರೆತದ್ದನ್ನು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು.

‘ಏನೋ ಇದು, ನಿಮ್ಮ ಮಾವ ಪಾಚಿ ಹಿಡಿದ ಹಾಗಿದಾರೆ.’

ಹೊಳಪಿಲ್ಲದ ಕಾಗದದ್ದಕ್ಕೆ, ‘ಬೂದಿ ಬಳಿದಿದೀಯ’ ಎಂದರು. ಪಿಗ್ಮೆಂಟ್ ಪ್ರಿಂಟನ್ನು ಹೇಗೆ ನೋಡಬೇಕು ಎಂದು ಅವನೇ ಕಲಿಸಿದ. ನೇರವಾಗಿ ಅಲ್ಲ ಅತ್ತೆ, ತಲೆ ಸ್ವಲ್ಪ ಓರೆ ಮಾಡಿ, ಪಕ್ಕದಿಂದ ನೋಡಿ. ಅವರು ನೋಡಿದರು. ‘ಕೋಟು ಹಿತ್ತಾಳೆ ಕೊಳಗದ ಹಾಗೆ ಮಿಂಚ್ತದೆ. ಬೇಡಪ್ಪ.’

ಕೊನೆಗೆ ಡೈ ಇಂಕಿನದು. ಅದನ್ನು ಕೈಗೆತ್ತಿಕೊಂಡರು. ಸೆರಗಿನಿಂದ ಮೂಗು ಒರೆಸಿಕೊಂಡು, ‘ಇವರೇ’ ಎಂದರು.

‘ಚೆನ್ನಾಗಿದೆ ಅತ್ತೆ, ಆದ್ರೆ ಇದು ಬಾಳಿಕೆ ಕಡಿಮೆ. ಸಮುದ್ರದ ಗಾಳಿ, ನಿಮ್ಮ ಊದುಬತ್ತಿ ಹೊಗೆ...’

‘ನಾನೇನು ಚಿರಂಜೀವಿನೇನೋ? ನನ್ನಷ್ಟು ಬಾಳಿದ್ರೆ ಸಾಕು ಹಾಕು.’

ಅವನು ಅದನ್ನೇ ಕಟ್ಟು ಹಾಕಿಸಿ ಗೋಡೆಗೆ ಏರಿಸಿದ.

ಎರಡು ಮೂರು ವರ್ಷ ಏನೂ ಆಗಲಿಲ್ಲ. ೨೦೧೭ರ ದಸರೆಗೆ ಹೋದಾಗ ಅತ್ತೆ, ‘ಮಾವ ಸ್ವಲ್ಪ ದೂರ ಹೋದ ಹಾಗಿದೆ ಕಣೋ’ ಎಂದರು. ಅವನು ಕಟ್ಟು ಬಿಚ್ಚಿ ನೋಡಿದ. ಅಂಚಿನ ರಟ್ಟಿನ ಅಡಿಯಲ್ಲಿದ್ದ ಭಾಗ ಹೊಸದರ ಹಾಗೇ ಇತ್ತು, ಹೊರಗಿದ್ದ ಮುಖ ತೆಳುವಾಗಿತ್ತು. ಕೋಟಿನ ಕಪ್ಪಿಗೆ ಏನೂ ಆಗಿರಲಿಲ್ಲ. ತೆಳು ಇಂಕು ಮೊದಲು ಹೋಗುತ್ತದೆ, ಮುಖವೆಲ್ಲ ತಿಳಿ ಬೂದು. ತಾನು ಹೆದರಿದ್ದೇ ಆಗಿತ್ತು. ಅತ್ತೆಯ ಮುಂದೆ ತಲೆಯೆತ್ತಲಾಗಲಿಲ್ಲ ಅವನಿಗೆ.

ವಿಜಯವಾಡಕ್ಕೆ ಬಂದವನೇ ಇಂಕು ಬದಲಾಯಿಸಿದ. ಪಿಗ್ಮೆಂಟನ್ನೇ ತೆಳು ಮಾಡಿ ತುಂಬಿದ. ಕಂಚಿನ ಮಿನುಗು ಅಡಗಲು, ಬಣ್ಣವಿಲ್ಲದ ಹೊಳಪಿನ ದ್ರವವನ್ನು ಪ್ರಿಂಟಿನ ಮೇಲೆ ಇನ್ನೊಂದು ಪದರವಾಗಿ ಹಾಕಿಸಿದ. ಅದೇ ಪ್ರಿಂಟಿನ ಒಂದು ಪಟ್ಟಿ ಕತ್ತರಿಸಿ ತನ್ನ ಅಂಗಡಿಯ ಕಿಟಕಿಗೆ, ಬಿಸಿಲಿಗೆ ಎದುರಾಗಿ ಅಂಟಿಸಿಕೊಂಡ. ಅಲ್ಲಿ ಮಾಸಿದರೆ ಇಲ್ಲಿ ತಿಳಿಯಲಿ ಎಂದು. ದೀಪಾವಳಿಗೆ ಹೊಸ ಫೋಟೊ ಗೋಡೆಗೆ ಹೋಯಿತು. ಅತ್ತೆ ಒಪ್ಪಿದರು.

ಸಂಕ್ರಾಂತಿಯ ಹೊತ್ತಿಗೆ ಫೋನು ಬಂತು.

‘ದತ್ತು, ಬೇಜಾರ್ ಮಾಡ್ಕೋಬೇಡ. ಮತ್ತೆ ಹೋಗ್ತಿದಾರೆ ಕಣೋ. ಮುಖ ಮಾತ್ರ. ಹಾರ ಕಾಣತ್ತೆ, ಕೋಟು ಕಾಣತ್ತೆ, ಮುಖದ ಮೇಲೆ ಒದ್ದೆ ಬಟ್ಟೆ ಎಳೆದ ಹಾಗೆ.’

ಮುಖ ಮಾತ್ರ ಎಂದ ಕೂಡಲೇ ಅವನಿಗೆ ಬೇರೆ ಯೋಚನೆಯೇ ಬರಲಿಲ್ಲ. ತಿಳಿ ಬೂದು, ತೆಳು ಇಂಕು. ದಸರೆಯಲ್ಲಿ ಕಣ್ಣಾರೆ ಕಂಡಿದ್ದನಲ್ಲ. ಸಾಯಿಲಕ್ಷ್ಮಿ ಫೋನು ಇಸಿದುಕೊಂಡು, ‘ಅನ್ನಯ್ಯಾ, ನಮಗೆಲ್ಲ ಬಾಗಾನೇ, ಚೆನ್ನಾಗೇ ಕಾಣತ್ತೆ. ಅತ್ತಯ್ಯಗಾರಿಗೆ ಒಬ್ಬರಿಗೇ ಕಾಣಲ್ಲಂತೆ. ಕಣ್ಣಿನ ಡಾಕ್ಟ್ರ ಹತ್ರ ಒಂದ್ಸಾರಿ ಹೋಗಿ ಬರೋಣಾ ಅಂತೀನಿ’ ಎಂದಳು.

ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. ‘ನನ್ನ ಕಣ್ಣಿಗೇನು ಬಂದಿದೆ? ಪೊರೆ ತೆಗೆಸಿ ಆಗಿದೆ. ಹೊಸಾ ಲೆನ್ಸ್ ಇದೆ ಒಳಗೆ. ಅವನನ್ನೇ ಕೇಳು, ಇಂಕಿನ ವಿಷಯ ಅವನಿಗೆ ಗೊತ್ತು.’

ಗುರುದತ್ತ ಹೇಳಿದ ಮಾತು ಇದು, ಅವನೇ ನನಗೆ ಎರಡೆರಡು ಸಲ ಹೇಳಿದ್ದು. ‘ಇಲ್ಲಮ್ಮ ಸಾಯಿ, ಅತ್ತೆ ಹೇಳೋದೇ ಸರಿ. ದಿನಾ ನೋಡೋ ಕಣ್ಣು ಅವರದು, ನಿಮಗೆ ಗೊತ್ತಾಗಲ್ಲ. ತಪ್ಪು ನನ್ನ ಇಂಕಿಂದು.’

ಸಾಯಿಲಕ್ಷ್ಮಿ ಮತ್ತೆ ಆ ಮಾತು ಎತ್ತಲಿಲ್ಲ. ಗೋಡೆಯ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದಳು. ಅದರಲ್ಲಿ ಮುಖ ಸರಿಯಾಗಿಯೇ ಇತ್ತು. ಮೊಬೈಲು ತಾನೇ ತಿದ್ದಿಕೊಳ್ಳುತ್ತದೆ ಎಂದುಕೊಂಡ. ಅಂಗಡಿಯ ಕಿಟಕಿಯ ಪಟ್ಟಿ ತೆಗೆದು ನೋಡಿದ. ವಿಜಯವಾಡದ ಬಿಸಿಲು ತಿಂದೂ ಅದು ಒಂದು ಚೂರೂ ಬದಲಾಗಿರಲಿಲ್ಲ. ಇಲ್ಲಿ ಸಮುದ್ರದ ಗಾಳಿ ಇಲ್ಲವಲ್ಲ, ಅದಕ್ಕೇ ಎಂದುಕೊಂಡ. ಇಂಕು ಬಿಟ್ಟು ಯೋಚಿಸಲಿಲ್ಲ.

ಹೊಸ ಇಂಕು ತರಿಸಿದ. ಹೊಗೆಯ ಮಸಿಯಿಂದಲೇ ಮಾಡಿದ ಕಪ್ಪು, ಯಾವತ್ತೂ ಮಾಸುವುದಿಲ್ಲ ಎನ್ನುವುದು. ಅದು ಕಂದು ಬಣ್ಣಕ್ಕೆ ತಿರುಗುತ್ತಿತ್ತು, ನೀಲಿ ತುಸು ಬೆರೆಸಿದ. ಹೊಳೆಯುವ ಕಾಗದದ ಮೇಲೆ ಅದು ನಿಲ್ಲುತ್ತಿರಲಿಲ್ಲ, ಬೆರಳು ತಾಗಿದರೆ ಬರುತ್ತಿತ್ತು. ಕಾಗದ ಬದಲಿಸಿದ, ಮೇಲಿನ ಪದರ ಬದಲಿಸಿದ, ತಿಳಿ ಬೂದುವಿನ ಹದ ಬದಲಿಸಿದ. ಪ್ರಿಂಟರಿನ ಬಾಯಿ ಕಟ್ಟಿಕೊಂಡಿತು, ಬಿಚ್ಚಿ ತೊಳೆದ. ಬೇರೆ ಗಿರಾಕಿಗಳ ಕೆಲಸ ಹಿಂದೆ ಬಿತ್ತು. ‘ಹೆಂಡತಿಗೆ ಒಂದು ಫೋಟೊ ಹಾಕಿಕೊಟ್ಟವರಲ್ಲ, ಅತ್ತೆಗೆ ಎಷ್ಟು ಮಾವಂದಿರನ್ನ ಮಾಡ್ತೀರಿ?’ ಎಂದು ಅವನ ಹೆಂಡತಿ ಅಪೂರ್ವ ನಗುತ್ತಿದ್ದಳಂತೆ. ಆ ದಿನಗಳಲ್ಲಿ ತಾನು ಸಂತೋಷವಾಗಿಯೇ ಇದ್ದೆ ಎಂದು ಗುರುದತ್ತ ಹೇಳಿದ. ತಪ್ಪು ಒಪ್ಪಿಕೊಂಡಿದ್ದೇನೆ, ತಿದ್ದುತ್ತಿದ್ದೇನೆ ಎಂಬ ನೆಮ್ಮದಿ.

ಶಿವರಾತ್ರಿ ಕಳೆದು ತಾನೇ ತೆಗೆದುಕೊಂಡು ಹೋದ. ಹೋದ ಸಲಕ್ಕಿಂತ ಕಪ್ಪು ಹೆಚ್ಚು. ಅತ್ತೆ ಫೋಟೊದ ಮುಂದೆ ನಿಂತು ತಲೆ ಓರೆ ಮಾಡಿದರು. ಪಕ್ಕದಿಂದ ನೋಡಿದರು, ಇನ್ನೊಂದು ಪಕ್ಕದಿಂದ ನೋಡಿದರು.

‘ನೋಡ್ದ್ಯಾ ಸಾಯಿ, ನಾನು ಹೇಳಿಕೊಟ್ಟಿದ್ದು ಮರ್ತಿಲ್ಲ’ ಎಂದು ಅವನು ಹೆಮ್ಮೆಯಿಂದ ಹೇಳಿದ. ‘ಕಂಚು ಕಾಣತ್ತಾ ಅತ್ತೆ?’

‘ಇಲ್ಲಪ್ಪ. ಈಗ ಬಂದ್ರು. ಈಗ ಪರವಾಗಿಲ್ಲ.’

ಅವರು ಕಂಚು ಹುಡುಕುತ್ತಿರಲಿಲ್ಲ. ನೇರ ನೋಡಿದರೆ ಕಾಣದ ಮುಖವನ್ನು ಪಕ್ಕದಿಂದ ಹಿಡಿಯಲು ನೋಡುತ್ತಿದ್ದರು. ಇದು ಅವನಿಗೆ ಆಮೇಲೆ ತಿಳಿಯಿತು. ಯುಗಾದಿಗೆ ಮತ್ತೆ ಫೋನು ಬಂತು, ಮತ್ತೊಂದು ಪ್ರಿಂಟು ಹೋಯಿತು, ಅದಕ್ಕಿಂತ ಕಪ್ಪು.

ಆ ವರ್ಷ ಅಕ್ಷಯ ತೃತೀಯದ ದಿನ ಅವನು ಅತ್ತೆಯನ್ನು ಸಿಂಹಾಚಲಕ್ಕೆ ಕರೆದುಕೊಂಡು ಹೋದ. ವರ್ಷವಿಡೀ ಗಂಧದಿಂದ ಮುಚ್ಚಿರುವ ವರಾಹ ಲಕ್ಷ್ಮೀನರಸಿಂಹ ಸ್ವಾಮಿ ಅದೊಂದು ದಿನ ಗಂಧ ತೆಗೆದು ನಿಜರೂಪದಲ್ಲಿ ದರ್ಶನ ಕೊಡುತ್ತಾನೆ. ಬೆಟ್ಟದ ಮೇಲೆ ಸಾಲಿಗೆ ಕೊನೆಯೇ ಇರಲಿಲ್ಲ. ಬಿಸಿಲು, ನೂಕಾಟ. ಗರ್ಭಗುಡಿಯ ಎದುರು ನಿಲ್ಲಲು ಬಿಡುವುದು ಒಂದು ಉಸಿರಿನಷ್ಟು ಹೊತ್ತು. ಗುರುದತ್ತ ಅತ್ತೆಯ ಭುಜ ಹಿಡಿದು ಮುಂದೆ ಮಾಡಿದ. ತಾನೂ ನೋಡಿದ. ಸ್ವಾಮಿ ಸ್ಪಷ್ಟವಾಗಿ ಕಂಡ.

ಹೊರಗೆ ಬಂದು ಕಂಬಕ್ಕೆ ಒರಗಿ ನಿಂತ ಇಂದಿರಮ್ಮ ಸಪ್ಪಗಿದ್ದರು.

‘ಈ ಸಲ ಯಾಕೋ ಮುಖದ ಗಂಧ ತೆಗೆದೇ ಇಲ್ಲ.’

ಪಕ್ಕದಲ್ಲಿ ನಿಂತಿದ್ದ ಹೆಂಗಸಿಗೆ ಕನ್ನಡ ಅರ್ಥವಾಗಿರಬೇಕು. ‘ಅದೇನಮ್ಮ ಹಾಗಂತೀರಿ? ಎಲ್ಲಾ ತೆಗೆದಿದಾರಲ್ಲ’ ಎಂದು ತೆಲುಗಿನಲ್ಲಿ ಹೇಳಿ ನಕ್ಕಳು.

‘ಇಲ್ಲಮ್ಮ. ಸುತ್ತ ಎಲ್ಲ ಕಾಣ್ತು. ಮುಖದ ಮೇಲೆ ಮಾತ್ರ ಬಿಟ್ಟಿದಾರೆ.’

ಮುಖ ಮಾತ್ರ. ಸ್ವಾಮಿಯ ಮುಖಕ್ಕೆ ಗುರುದತ್ತ ಇಂಕು ಹಾಕಿರಲಿಲ್ಲ.

‘ಅತ್ತೆ, ನನ್ನ ಮುಖ ನೋಡಿ.’

‘ನೋಡ್ತಾನೇ ಇದೀನಲ್ಲ.’

‘ಕಾಣತ್ತಾ?’

ಅವರು ತಲೆ ಓರೆ ಮಾಡಿದರು. ‘ಕಿವಿ ಕಾಣತ್ತೆ.’

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಸಮಾಧಾನವಾಗಿ ಹೇಳಿದರು. ಕಣ್ಣಿನ ಹಿಂಪದರದ ನಡುಭಾಗ, ಮುಖ ಗುರುತಿಸುವ ಜಾಗ, ರಕ್ತ ಸೋರಿ ಕಲೆಗಟ್ಟಿದೆ. ಎಡಗಣ್ಣು ಮುಂಚೆಯೇ ಹೋಗಿದೆ, ಬಲಗಣ್ಣು ಚೆನ್ನಾಗಿದ್ದುದರಿಂದ ಗೊತ್ತಾಗಿಲ್ಲ. ಬಲಗಣ್ಣಿಗೆ ಈಚೆಗೆ ಶುರುವಾದದ್ದು. ಪೊರೆಗೂ ಇದಕ್ಕೂ ಸಂಬಂಧವಿಲ್ಲ. ಶುರುವಿನಲ್ಲೇ ಬಂದಿದ್ದರೆ ಕಣ್ಣಿಗೆ ಇಂಜೆಕ್ಷನ್ ಕೊಟ್ಟು ಬಹುಮಟ್ಟಿಗೆ ತಡೆಯಬಹುದಿತ್ತು. ಈಗ ಕೊಟ್ಟರೆ ಇದ್ದದ್ದು ಉಳಿಯಬಹುದು, ಹೋದದ್ದು ಬರುವುದಿಲ್ಲ.

‘ಶುರು ಅಂದ್ರೆ ಯಾವಾಗ ಸರ್?’ ಎಂದು ಗುರುದತ್ತ ಕೇಳಿದ.

‘ಮುಖ ಕಾಣ್ತಿಲ್ಲ ಅಂತ ಮೊದಲು ಯಾವಾಗ ಹೇಳಿದ್ರು?’

ಅರವಿಂದ ನೆಲ ನೋಡಿದ. ಸಾಯಿಲಕ್ಷ್ಮಿ ಅತ್ತೆಯ ಕೈಚೀಲದ ಹಿಡಿಕೆ ಸರಿಮಾಡಿದಳು. ಗುರುದತ್ತನೇ ಹೇಳಬೇಕಾಯಿತು, ಸಂಕ್ರಾಂತಿಗೆ ಎಂದು.

ನಾನು ಸಿಂಹಾಚಲದ ಸ್ವಾಮಿಯನ್ನು ನಂಬಿದವಳು. ಆ ದಿನ ಸ್ವಾಮಿಯೇ ತೋರಿಸಿಕೊಟ್ಟ, ಇಲ್ಲದಿದ್ದರೆ ಉಳಿದಷ್ಟೂ ಹೋಗುತ್ತಿತ್ತು ಎಂದು ನಾನು ಗುರುದತ್ತನಿಗೆ ಅಂದೆ. ಅವನು ಕೈ ಮುಗಿದ, ಆದರೆ ‘ಸಾಯಿಲಕ್ಷ್ಮಿ ಬಾಯಲ್ಲಿ ಮುಂಚೇನೇ ಹೇಳಿಸಿದ್ದ ಅಮ್ಮ, ನಾನು ಕೇಳ್ಲಿಲ್ಲ’ ಎಂದ. ಆ ಹುಡುಗಿ ಒಂದು ಸಲವಾದರೂ ‘ನಾನು ಅವತ್ತೇ ಹೇಳಿದ್ದೆ ಅನ್ನಯ್ಯಾ’ ಎಂದು ಬೈದಿದ್ದರೆ ಹಗುರವಾಗುತ್ತಿತ್ತು ಎಂದ. ಅವಳು ಬೈದಿಲ್ಲ. ಅವನು ಹೋದಾಗಲೆಲ್ಲ ಮೊದಲಿನ ಹಾಗೇ ಪೆಸರಟ್ಟು ದೋಸೆ ಹಾಕಿ ಕೊಡುತ್ತಾಳೆ.

ಇಂಜೆಕ್ಷನ್ನುಗಳಿಂದ ಅಂಚಿನ ನೋಟ ಉಳಿದಿದೆ. ಇಂದಿರಮ್ಮ ಮನೆಯೊಳಗೆ ಯಾರ ಹಂಗಿಲ್ಲದೆ ಓಡಾಡುತ್ತಾರೆ. ಬಾಗಿಲು, ಮೇಜು, ಫೋಟೊದ ಕಟ್ಟು, ಕಟ್ಟಿನ ಮೇಲಿನ ಹಾರ ಎಲ್ಲ ಕಾಣುತ್ತವೆ. ನೋಡಬೇಕೆಂದದ್ದು ಕಾಣುವುದಿಲ್ಲ. ಬೆಳಿಗ್ಗೆ ದೀಪ ಹಚ್ಚಿ ಈಗಲೂ ಫೋಟೊದ ಮುಂದೆ ನಿಲ್ಲುತ್ತಾರೆ. ಸಿಟ್ಟು, ಸಮಾಧಾನ ಎಂದು ಹೇಳುವುದು ಮಾತ್ರ ನಿಂತಿದೆ.

ಗುರುದತ್ತನಿಗೆ ಸುಮ್ಮನಿರಲಾಗಲಿಲ್ಲ. ೨೦೧೯ರ ಬೇಸಿಗೆಯಲ್ಲಿ ಮಾವನ ಮುಖವೊಂದನ್ನೇ ಬಾಗಿಲಷ್ಟು ದೊಡ್ಡದಾಗಿ ಮಾಡಿಸಿದ. ಅಷ್ಟು ದೊಡ್ಡದಾದರೆ ಮುಖದ ಸ್ವಲ್ಪವಾದರೂ ಉಳಿದ ಕಣ್ಣಿಗೆ ಸಿಕ್ಕೀತು ಎಂದು. ಹೊಳಪಿಲ್ಲದ ಕಾಗದ, ಬಿಳಿಗೆ ಅಚ್ಚ ಬಿಳಿ, ಕಪ್ಪಿಗೆ ಅಚ್ಚ ಕಪ್ಪು. ಸುರುಳಿ ಸುತ್ತಿಕೊಂಡು ರತ್ನಾಚಲ್ ರೈಲು ಹತ್ತಿ ಹೋಗಿ, ಅರವಿಂದನನ್ನು ಕುರ್ಚಿಯ ಮೇಲೆ ಹತ್ತಿಸಿ ನಡುಮನೆಯಲ್ಲಿ ಬಿಚ್ಚಿ ಹಿಡಿಸಿದ. ಸಿಂಹಾಚಲಕ್ಕೆ ಬಂದಿದ್ದ ನಾನೂ ಆ ಹೊತ್ತಿಗೆ ಅಲ್ಲಿದ್ದೆ.

ಇಂದಿರಮ್ಮ ಎದುರು ನಿಂತರು. ಕಿಟಕಿಯ ಕಡೆ ನೋಡಿದರು, ಆಮೇಲೆ ಫ್ಯಾನಿನ ಕಡೆ.

‘ಮೀಸೆ ಸಿಕ್ತು’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ಹಣೆ’ ಎಂದರು. ‘ಒಂದು ಹಿಡಿದ್ರೆ ಇನ್ನೊಂದು ಹೋಗತ್ತೆ. ಸುತ್ತಿಡು ದತ್ತು. ಇಷ್ಟು ದೊಡ್ಡವರಾದ್ರೆ ಅವರಿಗೇ ನಾಚಿಕೆ ಆಗತ್ತೆ.’

‘ಇನ್ನೊಂದು ರೀತಿ ನೋಡ್ತೀನಿ ಅತ್ತೆ. ಕಪ್ಪನ್ನ ಇನ್ನೂ...’

‘ಸಾಕು ಬಿಡೋ. ನಿನ್ನ ಮುಖ ನೋಡಿಯೂ ಒಂದು ವರ್ಷ ಆಯ್ತು ನಂಗೆ. ಅದಕ್ಕೆ ಯಾವ ಇಂಕು ಹಾಕ್ತೀಯ?’

ಅವನು ಸುರುಳಿ ಸುತ್ತುತ್ತಿದ್ದವನು ಅಲ್ಲೇ ನಿಂತ. ಅತ್ತೆ ಕೈ ಚಾಚಿ ಅವನ ಮೊಣಕೈ ಹಿಡಿದು ಎಳೆದರು. ತಮ್ಮ ಎದುರಲ್ಲಿ ಅಲ್ಲ, ಬಲಗಡೆ, ಕಣ್ಣಂಚಿಗೆ ಸಿಗುವಂತೆ ಕುರ್ಚಿ ಹಾಕಿಸಿ ಅವನನ್ನು ಕೂರಿಸಿದರು. ತಾವು ಖಾಲಿ ಗೋಡೆಯ ಕಡೆ ಮುಖ ಮಾಡಿ ಕೂತರು.

‘ಹ್ಞಾಂ, ಅಲ್ಲೇ ಇರು. ಅಲ್ಲಾಡಬೇಡ. ಕೂದಲು ಬೆಳ್ಳಗಾಗಿದೆಯೇನೋ?’

‘ಆಗಿದೆ ಅತ್ತೆ.’

‘ಯಾವಾಗ ಆಯ್ತು?’

ಅತ್ತೆ ಗೋಡೆ ನೋಡುತ್ತಲೇ ಕೂತರು, ಅವನು ಅಲ್ಲಾಡದೆ ಕೂತ. ಸಾಯಿಲಕ್ಷ್ಮಿ ಕಾಫಿ ತಂದವಳು ಇಬ್ಬರ ನಡುವೆ ಬರದೆ, ಸುತ್ತಿ ಬಂದು ಲೋಟ ಇಟ್ಟು ಹೋದಳು.